ಭತ್ತಕ್ಕೆ ಡಿಎನ್‌ಎ ಹಾಕ್ತಾರಂತೆ, ಹೌದಾ?

ಚಿಕ್ಕಪ್ಪ ಮೂಡಿಗೆರೆ ಸಂತೆಯಿಂದ ಬಂದವರು ಚೀಲ ಇನ್ನೂ ಕೆಳಗಿಟ್ಟಿರಲಿಲ್ಲ, ಆಗಲೇ ಶುರು ಮಾಡಿದ್ರು, "ಅಲ್ಲ ಕಣೋ, ಭತ್ತಕ್ಕೆ ಅದೇನೋ ಡಿಎನ್‌ಎ ಹಾಕಿ ಹೊಸ ತಳಿ ಬಿಡ್ತಾರಂತಲ್ಲ, ತಿಂದ್ರೆ ನಮಗೇನೂ ಆಗಲ್ವಾ?" ಸಂತೇಲಿ ಯಾರೋ ಮೊಬೈಲಲ್ಲಿ ವಿಡಿಯೋ ತೋರಿಸಿದ್ರಂತೆ. ನಾನು ಹಾಸನದಲ್ಲಿ ಬಿಎಸ್ಸಿ ಓದಿ ಬಂದವನು, ಬಯೋಕೆಮಿಸ್ಟ್ರಿ ನನ್ನ ಇಷ್ಟದ ಸಬ್ಜೆಕ್ಟು, ಹಂಗಾಗಿ ಮನೇಲಿ ಇಂಥ ಪ್ರಶ್ನೆ ಎಲ್ಲ ನನ್ನ ಹತ್ರನೇ ಬರತ್ತೆ. "ಹಾಕೋದೇನು ಬಂತು ಚಿಕ್ಕಪ್ಪ, ಬೆಳಿಗ್ಗೆ ತಿಂದ ಕಡುಬಲ್ಲೂ ಡಿಎನ್‌ಎ ಇತ್ತು" ಅಂದೆ. ಅವರು ನಂಬಲಿಲ್ಲ.

ಸುದ್ದಿ ಏನಂದ್ರೆ, 2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಅವರು ಜೀನೋಮ್ ಎಡಿಟ್ ಮಾಡಿದ, ಅಂದ್ರೆ ಗಿಡದೊಳಗಿನ ಡಿಎನ್‌ಎಯನ್ನೇ ತಿದ್ದಿದ ಎರಡು ಭತ್ತದ ತಳಿ ಘೋಷಣೆ ಮಾಡಿದ್ರು. ಒಂದು ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯವರು ಸಾಂಬಾ ಮಸೂರಿಯನ್ನ ತಿದ್ದಿ ಮಾಡಿದ ಡಿಆರ್‌ಆರ್ ಧಾನ್ 100, ಅದಕ್ಕೆ ಕಮಲಾ ಅಂತ ಹೆಸರಿಟ್ಟಿದಾರೆ. ಇನ್ನೊಂದು ದೆಹಲಿಯ ಪೂಸಾದಲ್ಲಿರೋ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಎಂಟಿಯು 1010 ಅನ್ನೋ ತಳಿಯಿಂದ ಮಾಡಿದ ಪೂಸಾ ಡಿಎಸ್‌ಟಿ ರೈಸ್ 1. ಕಮಲಾ ಸುಮಾರು 20 ದಿನ ಮುಂಚೆ ಕೊಯ್ಲಿಗೆ ಬರತ್ತೆ, ತೆನೇಲಿ ಕಾಳು ಜಾಸ್ತಿ ಅಂತ ಸರ್ಕಾರ ಹೇಳ್ತಿದೆ, ಎರಡನೇದು ಬರ, ಚೌಳು ತಡ್ಕೊಳತ್ತೆ ಅಂತ. ಆಮೇಲಿಂದ ಒಂದು ಕಡೆಯವರು ಇದೇ ಎರಡನೇ ಹಸಿರು ಕ್ರಾಂತಿ ಅಂತಾರೆ, ಇನ್ನೊಂದು ಕಡೆಯವರು ವಿಷ ಅಂತಾರೆ. ನಾನು ಎರಡೂ ಕಡೆಯವರ ವಿಡಿಯೋ ಕೂತ್ಕೊಂಡು ನೋಡಿದೆ. ಡಿಎನ್‌ಎ ಅಂದ್ರೆ ಯಾವುದರಿಂದ ಆಗಿರೋ ವಸ್ತು, ಅದರಲ್ಲಿ ಎಲ್ಲಿ ಕೈ ಹಾಕಿದ್ರು, ಏನು ಬದಲಾಯ್ತು ಅಂತ ಒಬ್ರೂ ಬಿಡಿಸಿ ಹೇಳಲಿಲ್ಲ, ಮತ್ತೆ ಅದನ್ನ ಹೇಳದೆ ಇದ್ರೆ ರೈತ ಯಾವ ಆಧಾರದ ಮೇಲೆ ಹೂಂ ಅನ್ಬೇಕು, ಯಾವ ಆಧಾರದ ಮೇಲೆ ಬೇಡ ಅನ್ಬೇಕು? ಅದಕ್ಕೇ ಇದನ್ನ ಬುಡದಿಂದ ಬರೀತಿದೀನಿ.

ಮೊದಲು ಕಣ್ಣಲ್ಲಿ ನೋಡೋಣ ಅಂತ ಅವತ್ತೇ ಸಂಜೆ ಅಡುಗೆಮನೇಲಿ ಶುರು ಮಾಡಿದ್ವಿ. ಅಕ್ಕನ ಮಗಳು ಒಂಬತ್ತನೇ ಕ್ಲಾಸು, ರಜಕ್ಕೆ ಬಂದಿದ್ಲು, ಕೆಲಸ ಎಲ್ಲ ಅವಳದ್ದೇ. ಒಂದು ಪುಟ್ಟಬಾಳೆ ಹಣ್ಣು ಚೆನ್ನಾಗಿ ಕಿವುಚಿ, ಅರ್ಧ ಲೋಟ ನೀರಿಗೆ ಒಂದು ಚಿಟಿಕೆ ಉಪ್ಪು, ಒಂದು ಚಮಚ ಪಾತ್ರೆ ತೊಳಿಯೋ ಲಿಕ್ವಿಡ್ ಹಾಕಿ ನೊರೆ ಏಳದ ಹಾಗೆ ಕಲಸಿ, ಹತ್ತು ನಿಮಿಷ ಬಿಟ್ಟು ಹಳೇ ಪಂಚೆ ತುಂಡಲ್ಲಿ ಗಾಜಿನ ಲೋಟಕ್ಕೆ ಸೋಸಿದ್ಲು. ಫ್ರೀಜರಲ್ಲಿಟ್ಟು ತಣ್ಣಗೆ ಮಾಡಿದ್ದ ಸರ್ಜಿಕಲ್ ಸ್ಪಿರಿಟ್ಟನ್ನ ಲೋಟದ ಅಂಚಿಂದ ನಿಧಾನಕ್ಕೆ ಇಳಿಬಿಟ್ಟಾಗ ಅದು ಮೇಲೆ ತಿಳಿಯಾಗಿ ನಿಂತ್ಕೊಳ್ತು, ಕೆಳಗೆ ಬಾಳೆಹಣ್ಣಿನ ಮಸುಕು ರಸ. ಎರಡೂ ಸೇರೋ ಗೆರೇಲಿ ಮೊದಲು ಸಣ್ಣ ಸಣ್ಣ ಗುಳ್ಳೆ, ಆಮೇಲೆ ಬಿಳೀ ಮೋಡದ ತರ ಒಂದು, ನೋಡ್ತಾ ನೋಡ್ತಾ ಎಳೆ ಎಳೆಯಾಗಿ ಮೇಲಕ್ಕೆ ಏಳೋಕೆ ಶುರುವಾಯ್ತು. ತೆಂಗಿನ ಕಡ್ಡಿ ಇಳಿಸಿ ತಿರುಗಿಸಿದ್ಲು, ಎಳೆ ಕಡ್ಡಿಗೆ ಸುತ್ಕೊಂಡು ಬಂತು. ಚಿಕ್ಕಪ್ಪ ಕನ್ನಡಕ ಹಾಕ್ಕೊಂಡು ಹತ್ರ ಹಿಡಿದು, "ಮೊಟ್ಟೆ ಲೋಳೆ ತರ ಇದ್ಯಲ್ಲೇ" ಅಂದ್ರು. "ಬಾಳೆಹಣ್ಣಲ್ಲಿ ಇದ್ದಿದ್ದೇ ತಾತ, ನಾವೇನೂ ಹಾಕಿಲ್ಲ" ಅಂದ್ಲು ಅವಳು.

ಪೂರಾ ಡಿಎನ್‌ಎ ಅಲ್ಲ ಅದು, ಪ್ರೋಟೀನು, ಪೆಕ್ಟಿನ್ ಅನ್ನೋ ಹಣ್ಣಿನ ಅಂಟು ಕೂಡ ಸೇರಿರತ್ತೆ. ಆದ್ರೆ ಡಿಎನ್‌ಎ ಇರೋದಂತೂ ಹೌದು, ಮತ್ತೆ ಈ ಆಟದ ಒಳಗೇ ಅದರ ಗುಣ ಗೊತ್ತಾಗತ್ತೆ. ಜೀವಕೋಶದ ಪೊರೆ ಕೊಬ್ಬಿಂದು, ಸೋಪು ಅದನ್ನ ಒಡೆಯತ್ತೆ. ಡಿಎನ್‌ಎ ಮೈ ತುಂಬಾ ಫಾಸ್ಫೇಟಿನ ಋಣ ಚಾರ್ಜು, ಅದಕ್ಕೇ ನೀರಲ್ಲಿ ಸುಲಭಕ್ಕೆ ಕರಗಿರತ್ತೆ, ಒಂದಕ್ಕೊಂದು ತಳ್ಳಾಡತ್ತೆ. ಉಪ್ಪಿನ ಸೋಡಿಯಂ ಬಂದು ಆ ಚಾರ್ಜನ್ನ ಶಾಂತ ಮಾಡತ್ತೆ, ಸ್ಪಿರಿಟ್ಟಲ್ಲಿ ಅದು ಕರಗಲ್ಲ, ಆಗ ಒಂದಕ್ಕೊಂದು ಅಂಟ್ಕೊಂಡು ಎಳೆಯಾಗಿ ಹೊರಗೆ ಬರತ್ತೆ.

ಈಗ ಆ ಎಳೆಯೊಳಗೆ ಹೋಗೋಣ. ನಮ್ಮ ತೋಟಗಳಲ್ಲಿ ಮೆಣಸು ಕುಯ್ಯೋಕೆ ಸಿಲ್ವರ್ ಓಕಿಗೆ ಒರಗಿಸೋ ಬಿದಿರಿನ ಏಣಿ ಇರತ್ತಲ್ಲ, ಎರಡು ಉದ್ದ ಬಿದಿರು, ನಡುವೆ ಮೆಟ್ಲು, ಅದನ್ನ ಎರಡೂ ತುದಿ ಹಿಡ್ಕೊಂಡು ಬಟ್ಟೆ ಹಿಂಡೋ ಹಾಗೆ ತಿರುಚಿದ್ರೆ ಹೇಗಿರತ್ತೋ ಹಾಗಿದೆ ಡಿಎನ್‌ಎ. ಇದು ಎಲ್ಲ ಪುಸ್ತಕದಲ್ಲೂ ಇರೋ ಹೋಲಿಕೆನೇ, ಆದ್ರೆ ಪುಸ್ತಕ ಇಲ್ಲಿಗೇ ನಿಲ್ಲಿಸಿಬಿಡತ್ತೆ, ಏಣಿ ಕಟ್ಟಿದವನಿಗೆ ಮಾತ್ರ ಮುಂದಿನ ಪ್ರಶ್ನೆ ಹೊಳೆಯತ್ತೆ: ಬಿದಿರು ಯಾವುದು, ಮೆಟ್ಲು ಯಾವುದು, ಗಂಟು ಎಲ್ಲಿದೆ?

ಬಿದಿರು ಅಂದ್ರೆ ಸಕ್ಕರೆ ಮತ್ತೆ ಫಾಸ್ಫೇಟು, ಒಂದಾದ ಮೇಲೆ ಒಂದು, ಸಕ್ಕರೆ, ಫಾಸ್ಫೇಟು, ಸಕ್ಕರೆ, ಫಾಸ್ಫೇಟು, ಹೀಗೆ ಕೊನೆವರೆಗೆ. ಕಾಫಿಗೆ ಹಾಕೋ ಸಕ್ಕರೆ ಅಲ್ಲ ಇದು, ಡಿಆಕ್ಸಿರೈಬೋಸ್ ಅಂತ, ಐದು ಕಾರ್ಬನ್ನಿನ ಪುಟ್ಟ ಸಕ್ಕರೆ. ಪ್ರತಿ ಸಕ್ಕರೆಯಿಂದ ಒಳಮುಖವಾಗಿ ಒಂದು ಪ್ರತ್ಯಾಮ್ಲ ಚಾಚ್ಕೊಂಡಿರತ್ತೆ, ಅದೇ ಅರ್ಧ ಮೆಟ್ಲು. ಒಂದು ಸಕ್ಕರೆ, ಒಂದು ಫಾಸ್ಫೇಟು, ಒಂದು ಪ್ರತ್ಯಾಮ್ಲ ಸೇರಿದ್ರೆ ಒಂದು ನ್ಯೂಕ್ಲಿಯೊಟೈಡು. ಡಿಎನ್‌ಎಗೆ ಇಟ್ಟಿಗೆ ಅಂತ ಇರೋದು ಇದೊಂದೇ. ಪ್ರತ್ಯಾಮ್ಲ ಮಾತ್ರ ನಾಲ್ಕು ತರ, ಅಡಿನೈನ್, ಥೈಮಿನ್, ಗ್ವಾನಿನ್, ಸೈಟೋಸಿನ್, ಚಿಕ್ಕದಾಗಿ ಎ, ಟಿ, ಜಿ, ಸಿ. ಬಿದಿರು ಬಾಳೆಗೂ ಅದೇ, ಭತ್ತಕ್ಕೂ ಅದೇ, ಕಾಫಿ ಎಲೆ ಮೇಲೆ ಬರೋ ತುಕ್ಕು ರೋಗದ ಶಿಲೀಂಧ್ರಕ್ಕೂ ಅದೇ, ನಮಗೂ ಅದೇ. ವ್ಯತ್ಯಾಸ ಏನಿದ್ರೂ ಮೆಟ್ಲುಗಳು ಯಾವ ಕ್ರಮದಲ್ಲಿ ಬಂದಿವೆ ಅನ್ನೋದ್ರಲ್ಲಿ.

ಮೆಟ್ಲಿನ ವಿಷಯ ನನಗೆ ಈಗಲೂ ಆಶ್ಚರ್ಯ. ಎ ಮತ್ತೆ ಜಿ ದೊಡ್ಡವು, ಎರಡು ಉಂಗುರದವು, ಟಿ ಮತ್ತೆ ಸಿ ಚಿಕ್ಕವು, ಒಂದೇ ಉಂಗುರ. ಯಾವಾಗಲೂ ಒಂದು ದೊಡ್ಡದಕ್ಕೆ ಒಂದು ಚಿಕ್ಕದೇ ಜೊತೆ, ಎ ಬಂದ್ರೆ ಎದುರಿಗೆ ಟಿ, ಜಿ ಬಂದ್ರೆ ಎದುರಿಗೆ ಸಿ. ಅದಕ್ಕೇ ಎಲ್ಲ ಮೆಟ್ಲೂ ಒಂದೇ ಅಗಲ, ಏಣಿ ಎಲ್ಲೂ ಉಬ್ಬಲ್ಲ, ಎಲ್ಲೂ ಕುಗ್ಗಲ್ಲ, ಮೇಲಿಂದ ಕೆಳಗಿನವರೆಗೆ ಸುಮಾರು 2 ನ್ಯಾನೋಮೀಟರ್. ಒಂದು ಮೆಟ್ಲಿಂದ ಇನ್ನೊಂದಕ್ಕೆ 0.34 ನ್ಯಾನೋಮೀಟರ್, ಹತ್ತು ಚಿಲ್ಲರೆ ಮೆಟ್ಲಿಗೆ ಒಂದು ಪೂರ್ತಿ ಸುತ್ತು. ನ್ಯಾನೋಮೀಟರ್ ಅಂದ್ರೆ ಒಂದು ಮೀಟರನ್ನ 100 ಕೋಟಿ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲು. ಇಷ್ಟು ಸಣ್ಣದಾದ್ರೂ ನಮ್ಮ ಒಂದೊಂದು ಜೀವಕೋಶದಲ್ಲಿ ಅಪ್ಪನ ಕಡೆ 300 ಕೋಟಿ, ಅಮ್ಮನ ಕಡೆ 300 ಕೋಟಿ ಮೆಟ್ಲು ಇರೋದ್ರಿಂದ ಗುಣಿಸಿ ನೋಡಿ, ಬಿಡಿಸಿ ಹಾಸಿದ್ರೆ 2 ಮೀಟರ್ ಉದ್ದ ಬರತ್ತೆ.

ಗಂಟು ಇರೋದು ಮೆಟ್ಲಿನ ನಟ್ಟನಡುವೆ. ಎ ಮತ್ತೆ ಟಿ ನಡುವೆ ಎರಡು ಹೈಡ್ರೋಜನ್ ಬಂಧ, ಜಿ ಮತ್ತೆ ಸಿ ನಡುವೆ ಮೂರು. ಬಿದಿರಿನ ಕಡೆ ಬೆಸುಗೆ ಗಟ್ಟಿ, ನಡುವಿನ ಗಂಟು ಮಾತ್ರ ಸಡಿಲ, ಮತ್ತೆ ಸಡಿಲ ಇರೋದೇ ಇದರ ಜೀವಾಳ, ಯಾಕಂದ್ರೆ ಜೀವಕೋಶ ಎರಡಾಗುವಾಗ ಏಣಿ ನಡುವಿಂದ ಬಿಚ್ಕೊಳತ್ತೆ, ಒಂದೊಂದು ಅರ್ಧವೂ ತನ್ನ ಎದುರಿನ ಅರ್ಧವನ್ನ ಹೊಸದಾಗಿ ಕಟ್ಕೊಳತ್ತೆ, ಎ ಇದ್ದಲ್ಲಿ ಟಿ, ಜಿ ಇದ್ದಲ್ಲಿ ಸಿ, ತಪ್ಪೋ ಚಾನ್ಸೇ ತೀರಾ ಕಮ್ಮಿ. ಇನ್ನೊಂದು ವಿಚಿತ್ರ ಇದೆ. ನಾವು ಏಣಿ ಮಾಡುವಾಗ ಎರಡೂ ಬಿದಿರಿನ ಬುಡ ಕೆಳಗೇ ಇಡ್ತೀವಿ, ಡಿಎನ್‌ಎಲಿ ಒಂದರ ಬುಡ ಕೆಳಗಿದ್ರೆ ಇನ್ನೊಂದರ ಬುಡ ಮೇಲಿರತ್ತೆ, ತಲೆಕೆಳಗು ಜೋಡಿ. ಇನ್ನು ಕೆಲವು ಕಡೆ ಒಂಟಿ ಬಿದಿರಿನ ಏಣಿ ಇರತ್ತಲ್ಲ, ಒಂದೇ ಗಳ, ಗಿಣ್ಣಿನ ಹತ್ರ ಕೊಂಬೆ ಮೋಟು ಬಿಟ್ಟಿರೋದು, ಅದರ ಮೇಲೆ ಕಾಲಿಟ್ಟು ಹತ್ತೋದು, ಆರ್‌ಎನ್‌ಎ ಹೆಚ್ಚುಕಮ್ಮಿ ಅದೇ ತರ. ಒಂದೇ ಎಳೆ, ಟಿ ಬದಲು ಯುರಾಸಿಲ್, ಸಕ್ಕರೇಲಿ ಒಂದು ಆಕ್ಸಿಜನ್ ಜಾಸ್ತಿ. ಆ ಒಂದು ಆಕ್ಸಿಜನ್ ಇರೋದ್ರಿಂದಲೇ ಆರ್‌ಎನ್‌ಎ ಬೇಗ ಮುರಿಯತ್ತೆ, ಅದಿಲ್ಲದ ಡಿಎನ್‌ಎ ಸಾವಿರಾರು ವರ್ಷದ ಮೂಳೇಲೂ ಉಳ್ಕೊಂಡು ಸಿಗತ್ತೆ. ಒಂಟಿ ಏಣಿ ನೆನಪಲ್ಲಿಟ್ಕೊಳ್ಳಿ, ಮುಂದೆ ಡಿಎನ್‌ಎ ತಿದ್ದೋ ಕತ್ತರಿ ವಿಷಯ ಬಂದಾಗ ಅದು ಬೇಕು.

ಇದನ್ನೆಲ್ಲ ಕಂಡುಹಿಡಿದ ಕಥೆ ಉದ್ದ ಇದೆ, ಒಂದೆರಡು ಮಾತಲ್ಲಿ ಹೇಳ್ತೀನಿ. 1869ರಲ್ಲಿ ಫ್ರೀಡ್ರಿಕ್ ಮೀಷರ್ ಅನ್ನೋ ಸ್ವಿಸ್ ಡಾಕ್ಟರು ಗಾಯದ ಬ್ಯಾಂಡೇಜಿನ ಕೀವಿಂದ ಈ ವಸ್ತುವನ್ನ ಮೊದಲ ಸಲ ಬೇರೆ ಮಾಡಿದ್ರು. ಸಿಲೋನಿನ ಕಾಫಿ ತೋಟಗಳಲ್ಲಿ ಎಲೆ ತುಕ್ಕು ಕಾಣಿಸಿಕೊಂಡು ಅದಕ್ಕೆ ವಿಜ್ಞಾನದ ಹೆಸರು ಬಿದ್ದಿದ್ದೂ ಅದೇ 1869ರಲ್ಲಿ, ಎರಡಕ್ಕೂ ಸಂಬಂಧ ಇಲ್ಲ, ಆದ್ರೆ ಕಾಫಿಯವನಾದ ನನಗೆ ಆ ಇಸವಿ ಮರೆಯೋಕಾಗಲ್ಲ. 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಲ್ಲಿ ರೋಸಲಿಂಡ್ ಫ್ರ್ಯಾಂಕ್ಲಿನ್ ಮತ್ತೆ ಅವರ ವಿದ್ಯಾರ್ಥಿ ಗಾಸ್ಲಿಂಗ್ ತೆಗೆದ ಎಕ್ಸ್‌ರೇ ಚಿತ್ರದಲ್ಲಿ ಸುರುಳಿಯ ಗುರುತು ಸ್ಪಷ್ಟ ಇತ್ತು. ಆ ಚಿತ್ರವನ್ನ ಫ್ರ್ಯಾಂಕ್ಲಿನ್‌ಗೆ ಗೊತ್ತಿಲ್ಲದ ಹಾಗೆ ನೋಡಿದ ವಾಟ್ಸನ್, ಜೊತೆಗಾರ ಕ್ರಿಕ್, 1953ರ ಏಪ್ರಿಲಲ್ಲಿ ಏಣಿಯ ಮಾದರಿ ಪ್ರಕಟಿಸಿದ್ರು. 1962ರ ನೊಬೆಲ್ ಬರೋ ಹೊತ್ತಿಗೆ ಫ್ರ್ಯಾಂಕ್ಲಿನ್ ತೀರಿಹೋಗಿ ನಾಲ್ಕು ವರ್ಷ ಆಗಿತ್ತು, ಸಾಯುವಾಗ ಆಕೆಗೆ ಬರೀ 37. ಈ ಅನ್ಯಾಯ ಪಾಠದಲ್ಲಿ ಒಂದು ಸಾಲಾದ್ರೂ ಇರ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಬರೀ ನಾಲ್ಕು ಅಕ್ಷರದಿಂದ ಏನು ಬರೆಯೋಕಾಗತ್ತೆ ಅಂತ ಆಗಿನ ವಿಜ್ಞಾನಿಗಳಿಗೂ ಅನುಮಾನ ಇತ್ತು, ನಮ್ಮ ವರ್ಣಮಾಲೇಲೇ 49 ಇದೆ. ಉತ್ತರ ಏನಂದ್ರೆ, ಮೂರು ಮೂರು ಅಕ್ಷರ ಸೇರಿ ಒಂದು ಪದ, ಹಾಗೆ 64 ಪದ, ಒಂದೊಂದು ಪದ ಒಂದು ಅಮೈನೋ ಆಮ್ಲಕ್ಕೆ ಗುರುತು, ಮೂರು ಪದ ಮಾತ್ರ ಪೂರ್ಣವಿರಾಮ. ಅಮೈನೋ ಆಮ್ಲ ಸರ ಕಟ್ಟಿದ್ರೆ ಪ್ರೋಟೀನು. ಈ ನಿಘಂಟನ್ನ ಬಿಡಿಸಿದವರಲ್ಲಿ ಒಬ್ರು ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖೊರಾನ, 1968ರ ನೊಬೆಲ್. ಒಂದು ಅಕ್ಷರ ಬದಲಾದ್ರೆ ಏನಾಗತ್ತೆ ಅಂತ ಕೇಳೋರಿಗೆ ಕುಡಗೋಲು ಕಣ ರಕ್ತಹೀನತೆ ಸಾಕು, ಹಿಮೋಗ್ಲೋಬಿನ್ನಿನ ಒಂದು ಜಾಗದಲ್ಲಿ ಜಿಎಜಿ ಇರೋ ಕಡೆ ಜಿಟಿಜಿ ಆಗತ್ತೆ, ಅಷ್ಟೇ, ರಕ್ತಕಣ ಗುಂಡಗಿರೋದು ಬಾಗಿಹೋಗತ್ತೆ, ಮನುಷ್ಯ ಜೀವನಪೂರ್ತಿ ನೋವು ತಿಂತಾನೆ.

ಈಗ ನಮ್ಮ ತೋಟಕ್ಕೆ ಬರ್ತೀನಿ. ಮಳೆಗಾಲ ಹಿಂದೆ ಸರಿಯೋ ಹೊತ್ತಲ್ಲಿ ಅರೇಬಿಕಾ ಜಾತಿಯ ಕಾಫಿ ಗಿಡದ ಎಲೆ ಮೇಲೆ ತಿಳಿ ಹಳದಿ ಚುಕ್ಕೆ ಕಂಡ್ರೆ ಎಲೆ ಮಗುಚಿ ನೋಡಿ, ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ, ಬೆರಳಲ್ಲಿ ಒರೆಸಿದ್ರೆ ಅರಿಶಿನದ ತರ ಅಂಟತ್ತೆ, ಅಂಗಿಗೆ ತಾಗಿದ್ರೆ ಗೆರೆ ಬೀಳತ್ತೆ. ಒಂದೊಂದು ಕಣವೂ ಒಂದು ಬೀಜಕ, ಅದರೊಳಗೂ ಅದೇ ಏಣಿ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯೋದು ನಾವು ಅಪ್ಪನ ಕಾಲದಿಂದ ಮಾಡ್ಕೊಂಡು ಬಂದಿದೀವಿ. ಆದ್ರೆ ಗಿಡದೊಳಗೂ ಒಂದು ಕಾವಲು ಇದೆ. ಕೆಲವು ಗಿಡಗಳಲ್ಲಿ ತುಕ್ಕನ್ನ ಗುರುತು ಹಿಡಿಯೋ ಪ್ರೋಟೀನು ಇರತ್ತೆ, ಅದನ್ನ ಬರೆದಿರೋ ಜೀನ್ ಅಂದ್ರೆ ಆ ಏಣಿಯ ಒಂದು ತುಂಡು. ತುಕ್ಕು ಸುಮ್ನೆ ಕೂರಲ್ಲ, ಕೋಟಿಗಟ್ಟಲೆ ಬೀಜಕದಲ್ಲಿ ಯಾವುದೋ ಒಂದರಲ್ಲಿ ಅಕ್ಷರ ಬದಲಾಗತ್ತೆ, ಗಿಡಕ್ಕೆ ಅದರ ಗುರುತು ಸಿಗಲ್ಲ, ಮುಂದಿನ ಮಳೆಗಾಲಕ್ಕೆ ತೋಟ ತುಂಬಾ ಅದರದ್ದೇ ಸಂತಾನ.

ನಮ್ಮ ಜಿಲ್ಲೆಯ ಕಾಫಿ ಚರಿತ್ರೆ ಅಂದ್ರೆ ಹೆಚ್ಚುಕಮ್ಮಿ ಈ ಓಟವೇ. ಕೆಂಟ್ಸ್ ಅಂತ ಒಂದು ತಳಿ ಬಂತು, ಕೆಲವು ವರ್ಷ ತಡ್ಕೊಳ್ತು, ಸೋತಿತು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಹತ್ರ ಕಾಫಿ ಪ್ರಯೋಗ ಕೇಂದ್ರ ಶುರು ಮಾಡ್ತು, ಅದೇ ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಅಲ್ಲಿ ಲೈಬೀರಿಕಾ ಅನ್ನೋ ಬೇರೆ ಜಾತಿಯ ಕಾಫಿ ರಕ್ತ ಇದ್ದ ಎಸ್ 288ಕ್ಕೆ ಕೆಂಟ್ಸ್ ಸೇರಿಸಿ ಎಸ್ 795 ಮಾಡಿದ್ರು, 1940ರ ದಶಕದಿಂದ ನಮ್ಮ ಅಜ್ಜಂದಿರೆಲ್ಲ ನೆಟ್ಟಿದ್ದು ಅದನ್ನೇ. ಅದರ ಕಾವಲೂ ಮುರಿತು. ಆಮೇಲೆ ಕಾವೇರಿ, 2007ರಲ್ಲಿ ಚಂದ್ರಗಿರಿ, ಇವಕ್ಕೆ ರೋಬಸ್ಟಾ ಅನ್ನೋ ಇನ್ನೊಂದು ಕಾಫಿ ಜಾತಿಯ ಜೀನು ಟಿಮೋರ್ ದ್ವೀಪದಲ್ಲಿ ತಾನಾಗೇ ಹುಟ್ಟಿದ ಒಂದು ಮಿಶ್ರತಳಿ ಮೂಲಕ ಬಂದಿದ್ದು. ಗಮನಿಸಿ, ಕೆಂಟ್ಸ್ ಆದ ಮೇಲೆ ಪ್ರತಿ ಸಲವೂ ಅರೇಬಿಕಾವನ್ನ ಉಳಿಸಿದ್ದು ಹೊರಗಿಂದ ಬಂದ ಅಕ್ಷರಗಳು.

ಯಾಕೆ ಹೀಗೆ? ಅರೇಬಿಕಾದ ಹುಟ್ಟೇ ಇಕ್ಕಟ್ಟಿಂದು. ರೋಬಸ್ಟಾಗೆ 22 ವರ್ಣತಂತು (ಏಣಿ ಸುತ್ತಿಟ್ಟಿರೋ ಕಟ್ಟುಗಳು), ಅರೇಬಿಕಾಗೆ 44, ಯಾಕಂದ್ರೆ ರೋಬಸ್ಟಾ ಮತ್ತೆ ಯೂಜೆನಿಯಾಯ್ಡಿಸ್ ಅನ್ನೋ ಇನ್ನೊಂದು ಕಾಡು ಕಾಫಿ ಎರಡೂ ಸೇರಿ, ಎರಡರ ಏಣಿಯೂ ಪೂರ್ತಿಯಾಗಿ ಉಳ್ಕೊಂಡು ಹುಟ್ಟಿದ್ದು ಅದು. ಸುಮಾರು 6 ಲಕ್ಷ ವರ್ಷದ ಹಿಂದೆ ಅಂತ 2024ರಲ್ಲಿ ಅದರ ಪೂರ್ತಿ ಡಿಎನ್‌ಎ ಓದಿದವರು ಲೆಕ್ಕ ಹಾಕಿದಾರೆ. ಸುಮಾರು 120 ಕೋಟಿ ಅಕ್ಷರದ ಪುಸ್ತಕ, ಆದ್ರೆ ಪ್ರತಿಗಳ ನಡುವೆ ವ್ಯತ್ಯಾಸ ತೀರಾ ಕಮ್ಮಿ. ಅದರ ಮೇಲೆ ಅದು ತನ್ನ ಹೂವಿಗೆ ತಾನೇ ಪರಾಗ ಹಾಕ್ಕೊಳ್ಳೋ ಗಿಡ. ಇಥಿಯೋಪಿಯಾದಿಂದ ಯೆಮನ್‌ಗೆ ಹೋಗಿದ್ದು ಸ್ವಲ್ಪ, ಯೆಮನ್‌ನಿಂದ ಹೊರಗೆ ಬಂದಿದ್ದು ಇನ್ನೂ ಸ್ವಲ್ಪ, ಬಾಬಾ ಬುಡನ್ ಏಳು ಬೀಜ ತಂದ್ರು ಅನ್ನೋ ಕಥೆಯನ್ನ ನಾವು ಹೆಮ್ಮೆಯಿಂದ ಹೇಳ್ತೀವಿ, ಹೇಳ್ಬೇಕಾದ್ದೇ, ಆದ್ರೆ ಏಳು ಬೀಜದೊಳಗೆ ಎಷ್ಟು ತರದ ಏಣಿ ಇರೋಕೆ ಸಾಧ್ಯ ಅಂತ ಒಂದು ಸಲ ಯೋಚನೆ ಮಾಡಿ.

ಇನ್ನು ಡಿಎನ್‌ಎ ತಿದ್ದೋ ಆ ಕತ್ತರಿ. ಕ್ರಿಸ್ಪರ್ ಅಂತ ಹೆಸರು, ಇದನ್ನ ರೂಪಿಸಿದ ಶಾರ್ಪಾಂಟಿಯೇ ಮತ್ತೆ ಡೌಡ್ನಾ ಇಬ್ಬರಿಗೂ 2020ರಲ್ಲಿ ನೊಬೆಲ್ ಬಂತು. ಒಂಟಿ ಏಣಿ ನೆನಪಿದೆಯಲ್ಲ, ಸುಮಾರು 20 ಅಕ್ಷರದ ಒಂದು ಆರ್‌ಎನ್‌ಎ ತುಂಡನ್ನ ತಯಾರು ಮಾಡಿ ಕ್ಯಾಸ್9ನಂಥ ಕತ್ತರಿಸೋ ಪ್ರೋಟೀನಿನ ಜೊತೆ ಜೀವಕೋಶದೊಳಗೆ ಬಿಡ್ತಾರೆ. ಅದು ಏಣಿ ಉದ್ದಕ್ಕೂ ಹುಡುಕ್ಕೊಂಡು ಹೋಗಿ ತನ್ನ ಜೋಡಿ ಅಕ್ಷರ ಎಲ್ಲಿ ಸರಿಹೊಂದತ್ತೋ ಅಲ್ಲಿ ಕೂತ್ಕೊಳತ್ತೆ, ಕತ್ತರಿ ಆ ಜಾಗದಲ್ಲಿ ಎರಡೂ ಬಿದಿರನ್ನ ಕಡಿಯತ್ತೆ. ಅಂದ್ರೆ ಜೋಡಿ ಸೇರೋ ಆ ಹಳೇ ನಿಯಮವೇ ಇಲ್ಲಿ ಅಡ್ರೆಸ್ಸು. 20 ಅಕ್ಷರದಲ್ಲಿ 1 ಲಕ್ಷ ಕೋಟಿಗಿಂತ ಜಾಸ್ತಿ ಬೇರೆ ಬೇರೆ ಅಡ್ರೆಸ್ ಬರೆಯಬಹುದು, ಭತ್ತದ ಪುಸ್ತಕ ಇರೋದು ಸುಮಾರು 40 ಕೋಟಿ ಅಕ್ಷರ. ಕಡಿದ ಜಾಗವನ್ನ ಜೀವಕೋಶ ತಾನೇ ಅವಸರದಲ್ಲಿ ಬೆಸೆಯುವಾಗ ಒಂದೆರಡು ಅಕ್ಷರ ಬಿಟ್ಟುಹೋಗತ್ತೆ ಇಲ್ಲ ಸೇರತ್ತೆ, ಆ ಜೀನು ಕೆಲಸ ನಿಲ್ಲಿಸತ್ತೆ. ಕಮಲಾದಲ್ಲಿ ಹಾಗೆ ತಿದ್ದಿದ್ದು ಸಿಕೆಎಕ್ಸ್2 ಅನ್ನೋ ಜೀನನ್ನ, ಅದರ ಕೆಲಸ ಸೈಟೋಕೈನಿನ್ ಅನ್ನೋ ಬೆಳವಣಿಗೆ ಹಾರ್ಮೋನನ್ನ ಒಡೆಯೋದು, ಒಡೆಯೋದು ಕಮ್ಮಿಯಾದ್ರೆ ಹಾರ್ಮೋನು ತೆನೇಲಿ ಉಳಿಯತ್ತೆ, ಕಾಳು ಜಾಸ್ತಿ ಕಟ್ಟತ್ತೆ.

2002ರಲ್ಲಿ ಬಂದ ಬಿಟಿ ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ ಜೀನನ್ನ ಹತ್ತಿಗೆ ಸೇರಿಸಿದ್ರು, ಅದು ಕುಲಾಂತರಿ. ಕಮಲಾದಲ್ಲಿ ಬೇರೆ ಜೀವಿಯ ಏಣಿ ಕೊನೆಗೆ ಉಳಿದಿಲ್ಲ, ಇದ್ದ ಅಕ್ಷರವನ್ನೇ ತಿದ್ದಿದ್ದು. ಇಂಥ ಬೆಳೆಗಳಿಗೆ ಕುಲಾಂತರಿಗೆ ಅನ್ವಯಿಸೋ 1989ರ ಕಠಿಣ ನಿಯಮಗಳ ಮುಖ್ಯ ಭಾಗದಿಂದ ವಿನಾಯ್ತಿ ಅಂತ ಕೇಂದ್ರ ಪರಿಸರ ಸಚಿವಾಲಯ 2022ರ ಮಾರ್ಚಲ್ಲೇ ಆದೇಶ ಮಾಡಿತ್ತು. ಹಾಗಾಗಿ ಚಿಕ್ಕಪ್ಪನ ಪ್ರಶ್ನೆಗೆ ನೇರ ಉತ್ತರ, ಡಿಎನ್‌ಎ ಹಾಕಿಲ್ಲ, ಇದ್ದದ್ದರಲ್ಲಿ ತಿದ್ದಿದಾರೆ, ಅನ್ನದ ಡಿಎನ್‌ಎ ಹೊಟ್ಟೇಲಿ ಜೀರ್ಣ ಆಗಿ ಅದೇ ಇಟ್ಟಿಗೆಗಳಾಗಿ ಒಡೆದುಹೋಗತ್ತೆ. ಹಾಗಂತ ವಿರೋಧ ಮಾಡೋರ ಎಲ್ಲ ಪ್ರಶ್ನೆಯೂ ಪೊಳ್ಳು ಅಂತ ನಾನು ಹೇಳಲ್ಲ. ಅಡ್ರೆಸ್ ಹೆಚ್ಚುಕಮ್ಮಿ ಹೋಲೋ ಬೇರೆ ಜಾಗದಲ್ಲೂ ಕತ್ತರಿ ಬಿದ್ದಿದ್ಯಾ ಅಂತ ಪೂರ್ತಿ ಡಿಎನ್‌ಎ ಓದಿ ನೋಡಿದ ಮಾಹಿತಿ, ಗದ್ದೇಲಿ ಎಷ್ಟು ವರ್ಷ, ಯಾವ ಮಣ್ಣಲ್ಲಿ ಎಷ್ಟು ಇಳುವರಿ ಬಂತು ಅನ್ನೋ ಲೆಕ್ಕ, ಎಲ್ಲವೂ ಯಾರು ಬೇಕಾದ್ರೂ ನೋಡೋ ಹಾಗೆ ಮುಂದಿಡ್ಬೇಕು. ಕತ್ತರಿಯ ಮುಖ್ಯ ಪೇಟೆಂಟುಗಳು ವಿದೇಶದ ಸಂಸ್ಥೆಗಳ ಕೈಲಿವೆ, ನಾಳೆ ಬೀಜ ಎತ್ತಿಟ್ಕೊಳ್ಳೋ ರೈತನ ಹಕ್ಕಿಗೆ ಅದು ಅಡ್ಡ ಬರಬಾರದು, ಇದನ್ನ ಬರಹದಲ್ಲಿ ಕೇಳೋದು ತಪ್ಪಲ್ಲ.

ನನ್ನ ಚಿಂತೆ ಮಾತ್ರ ಇನ್ನೊಂದು ಕಡೆ ಇದೆ. ಕಾಫಿಯಲ್ಲೂ ಪ್ರಯೋಗಾಲಯದ ಮಟ್ಟದಲ್ಲಿ ಈ ಕತ್ತರಿ ಕೆಲಸ ಮಾಡಿದೆ, ಸಸಿ ನೆಟ್ಟು ಹೂ ನೋಡೋಕೇ ಮೂರ್ನಾಲ್ಕು ವರ್ಷ ಬೇಕಾಗೋ, ಒಂದು ತಳಿ ಹೊರಬರೋಕೆ ಇಪ್ಪತ್ತು ವರ್ಷ ಹಿಡಿಯೋ ಬೆಳೆಗೆ ಅದು ದೊಡ್ಡ ವಿಷಯ. ಆದ್ರೆ ಕತ್ತರಿ ಜೀನನ್ನ ನಿಲ್ಲಿಸೋದ್ರಲ್ಲಿ ಜಾಣ, ಇಲ್ಲದ ಕಾವಲನ್ನ ತಾನಾಗೇ ಬರೆಯೋಕೆ ಅದಕ್ಕೆ ಬರಲ್ಲ. ಯಾವ ಅಕ್ಷರ ಬರೀಬೇಕು ಅಂತ ತಿಳಿಯೋಕೆ ಎಲ್ಲೋ ಒಂದು ಗಿಡದಲ್ಲಿ ಅದು ಬರೆದಿರ್ಬೇಕು. ಬಾಳೆಹೊನ್ನೂರಿನಲ್ಲಿ ಕಾಪಾಡಿಟ್ಟಿರೋ ಇಥಿಯೋಪಿಯಾದ ಗಿಡಗಳು, ನಮ್ಮ ದಕ್ಷಿಣದ ಕಾಡುಗಳಲ್ಲೇ ತಾನಾಗೇ ಬೆಳೆಯೋ ಕಾಡು ಕಾಫಿ ಜಾತಿಗಳು, ಯಾರದೋ ತೋಟದ ಮೂಲೇಲಿ ತುಕ್ಕು ಬಂದ ವರ್ಷವೂ ಎಲೆ ಉದುರಿಸದೆ ನಿಂತ ಹಳೇ ಗಿಡ, ಪುಸ್ತಕ ಇರೋದು ಅಲ್ಲಿ. ಬಿಳಿ ಕಾಂಡಕೊರಕ ಹುಳದ ಕಾಟಕ್ಕೆ ಬೇಸತ್ತು, ರೇಟೂ ನೋಡಿ, ನಮ್ಮ ಸುತ್ತಮುತ್ತ ಅರೇಬಿಕಾ ಕಿತ್ತು ರೋಬಸ್ಟಾ ಹಾಕೋರು ಜಾಸ್ತಿ ಆಗ್ತಿದಾರೆ, ಅವರನ್ನ ನಾನು ದೂರಲ್ಲ, ಮನೆ ನಡೀಬೇಕು. ಕೀಳೋ ಮುಂಚೆ ಚೆನ್ನಾಗಿರೋ ಗಿಡ ಯಾವುದು ಅಂತ ಒಂದು ಸಲ ನೋಡಿ, ಒಂದಿಷ್ಟು ಬೀಜ ಎತ್ತಿಡಿ ಅಂತ ಮಾತ್ರ ಕೇಳ್ತೀನಿ.

ಹಳ್ಳದ ಪಕ್ಕದ ಎಸ್ 795 ಕಾಫಿ ತಾಕನ್ನ ಚಿಕ್ಕಪ್ಪ ಈ ವರ್ಷ ಪೂರ್ತಿ ತೆಗಿಸ್ತೀನಿ ಅಂತಿದ್ರು. ಬಾಳೆಹಣ್ಣಿನ ಲೋಟ ನೋಡಿದ ಮೂರನೇ ದಿನಕ್ಕೆ ನನ್ನನ್ನ ಕರ್ಕೊಂಡು ಹೋಗಿ, ಹಲಸಿನ ಮರದ ಹತ್ರ ಒಂಬತ್ತು ಗಿಡ ತೋರಿಸಿ, "ಇವಕ್ಕೆ ಒಂದು ವರ್ಷನೂ ತುಕ್ಕು ಜೋರಾಗಿ ಬಂದಿದ್ದು ನಾನು ಕಂಡಿಲ್ಲ, ಇವಿರ್ಲಿ" ಅಂದ್ರು. ಕೆಲಸದವರಿಗೆ ಗೊತ್ತಾಗ್ಲಿ ಅಂತ ಅವರೇ ಒಂದೊಂದರ ಬುಡಕ್ಕೂ ಸುಣ್ಣ ಬಳಿದ್ರು. ಬರ್ತಾ ದಾರೀಲಿ ಮತ್ತೆ ಭತ್ತದ ಮಾತು ತೆಗೆದ್ರು, "ಆ ಕಮಲಾ ಬೀಜ ಸಿಕ್ರೆ ಒಂದು ಗದ್ದೆಗೆ ಹಾಕಿ ನೋಡೋಣ, ಮಿಕ್ಕಿದ್ದಕ್ಕೆ ಇಂಟಾನ್ ಭತ್ತನೇ ಇರ್ಲಿ."